ಓದುವ ತಾಣಗಳ ರೂಪಾಂತರ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದಲ್ಲಿ ಗ್ರಂಥಾಲಯದ ಮೌಲ್ಯಮಾಪನ

ಪ್ರವೇಶ

ಗ್ರಂಥಾಲಯ ಬರಹದ ಸಂಸ್ಥೆ, ಜಾನಪದ ಮಾತಿನ ಶಾಸ್ತ್ರ. ಆದ್ದರಿಂದ ಇವೆರಡಕ್ಕೂ ನೇರ ಸಂಬಂಧವಿಲ್ಲವೆಂಬ ಭಾವನೆ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ಉಳಿದುಬಂದಿದೆ. ಆದರೆ ಓದು ಎಂಬುದು ಕಣ್ಣಿಗೆ ಮಾತ್ರ ಸೇರಿದ ಕ್ರಿಯೆಯಲ್ಲ. ಓದುವವರು ಎಲ್ಲಿ ಕೂರುತ್ತಾರೆ, ಯಾರೊಡನೆ ಕೂರುತ್ತಾರೆ, ದನಿ ತೆಗೆದು ಓದುತ್ತಾರೋ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೋ, ಓದಿದ್ದನ್ನು ಯಾರಿಗೆ ಹೇಳುತ್ತಾರೆ ಎಂಬಿವೆಲ್ಲವೂ ಒಂದು ಸಮುದಾಯದ ರೂಢಿಗಳೇ ಆಗಿವೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ, ಆಯುಧಪೂಜೆಯ ಸಮಯದಲ್ಲಿ ಪುಸ್ತಕಗಳನ್ನು ಪೂಜೆಗಿಡುವ ಸಮಾಜದಲ್ಲಿ ಓದುವ ತಾಣವೂ ರೂಢಿಗಳಿಂದ ರೂಪುಗೊಂಡಿರುತ್ತದೆ. ಈ ನೆಲೆಯಿಂದ ನೋಡಿದಾಗ ಗ್ರಂಥಾಲಯವು ಜಾನಪದ ಅಧ್ಯಯನದ ವ್ಯಾಪ್ತಿಯೊಳಗೇ ಬರುತ್ತದೆ.

ಕಳೆದ ಎರಡು ದಶಕಗಳಲ್ಲಿ ಕರ್ನಾಟಕದ ವಿಶ್ವವಿದ್ಯಾನಿಲಯ ಮತ್ತು ಕಾಲೇಜು ಗ್ರಂಥಾಲಯಗಳು ಹೊಸ ರೂಪವನ್ನು ತಳೆಯುತ್ತಿವೆ. ಮುಚ್ಚಿದ ಕಪಾಟಿನ ಜಾಗದಲ್ಲಿ ತೆರೆದ ಕಪಾಟು, ಉದ್ದನೆಯ ಮೇಜಿನ ಜಾಗದಲ್ಲಿ ಬಿಡಿ ಆಸನಗಳು, ಕಾರ್ಡ್ ಪೆಟ್ಟಿಗೆಯ ಜಾಗದಲ್ಲಿ ಗಣಕಯಂತ್ರಗಳು ಬಂದಿವೆ. ಇಂತಹ ಮರುವಿನ್ಯಾಸದಿಂದ ವಿದ್ಯಾರ್ಥಿಗಳ ಕಲಿಕೆಗೆ ಏನಾಯಿತು ಎಂಬ ಪ್ರಶ್ನೆ ಮಾತ್ರ ವಿರಳವಾಗಿ ಕೇಳಿಬರುತ್ತದೆ. ಪ್ರಸ್ತುತ ಲೇಖನವು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪರಿಸರವನ್ನು ಆಧಾರವಾಗಿಟ್ಟುಕೊಂಡು ಓದುವ ತಾಣಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದವು, ಪ್ರತಿ ಬದಲಾವಣೆಯಲ್ಲಿಯೂ ಯಾರಿಗೆ ಪ್ರವೇಶ ದೊರೆಯಿತು, ಯಾರು ಹೊರಗುಳಿದರು ಎಂಬುದನ್ನು ಅವಲೋಕಿಸಿ, ಆ ಚರಿತ್ರೆಯ ಬೆಳಕಿನಲ್ಲಿ ಇಂದಿನ ಮೌಲ್ಯಮಾಪನದ ಅಳತೆಗೋಲುಗಳನ್ನು ಪರಿಶೀಲಿಸುತ್ತದೆ.

ಒಂದು ಓಲೆಕಟ್ಟು, ಹಲವು ಕಿವಿಗಳು

ಈ ಪರಿಸರಕ್ಕೆ ಗ್ರಂಥರಚನೆಯ ಹಳೆಯ ಪರಂಪರೆಯಿದೆ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ 'ಭಾವಚಿಂತಾರತ್ನ'ವನ್ನೂ 1530ರಲ್ಲಿ 'ವೀರಶೈವಾಮೃತ ಪುರಾಣ'ವನ್ನೂ ರಚಿಸಿದನು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆಯಿದೆ. ವಚನಗಳ ಸಂಗ್ರಹ, ಸಂಪಾದನೆ ಮತ್ತು ವ್ಯಾಖ್ಯಾನಗಳ ಕಾರ್ಯಕ್ಕೆ ಅವರ ಶಿಷ್ಯಪರಂಪರೆ ಪ್ರಮುಖ ಕಾರಣವಾಯಿತು. 'ಶೂನ್ಯಸಂಪಾದನೆ'ಯ ಪ್ರಸಿದ್ಧ ಪಾಠವನ್ನು ಸಿದ್ಧಪಡಿಸಿದ ಗೂಳೂರು ಸಿದ್ಧವೀರಣಾರ್ಯನು ಇದೇ ಪರಂಪರೆಗೆ ಸೇರಿದವನು. ಆತನ ಹೆಸರಿನೊಂದಿಗೆ ಬರುವ ಗೂಳೂರು ತುಮಕೂರಿನ ಸಮೀಪದ್ದು.

ಈ ಕೃತಿಗಳು ಹುಟ್ಟಿದ ಕಾಲದಲ್ಲಿ ಓದುವ ತಾಣವೆಂದರೆ ಮಠದ ಪಡಸಾಲೆ, ಗುಡಿಯ ಪ್ರಾಂಗಣ, ಊರ ಚಾವಡಿ. ಓಲೆಗರಿಯ ಕಟ್ಟು ಒಂದೇ. ಅದರ ಸುತ್ತ ಕೂಡಿದ ಕಿವಿಗಳು ಹಲವು. ಒಬ್ಬರು ಪದ್ಯವನ್ನು ರಾಗವಾಗಿ ಓದಿದರೆ ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಪುರಾಣದ ಕಥಾಭಾಗಗಳನ್ನು ನೆನಪಿನಿಂದ ಹೇಳಬಲ್ಲವರಾಗಿದ್ದುದು ಇಂತಹ ಕೂಟಗಳಿಂದಲೇ. ಕೂಲಿಮಠಗಳಲ್ಲಿಯೂ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಾ ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಅಂದರೆ ಕಲಿಕೆಗೆ ದನಿ ಬೇಕಿತ್ತು, ಜೊತೆಗಾರರು ಬೇಕಿದ್ದರು. ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವಂತಿಲ್ಲ. ಪಡಸಾಲೆಯೊಳಗೆ ಕೂರುವ ಹಕ್ಕು ಎಲ್ಲ ಜಾತಿಗಳಿಗೂ ಇರಲಿಲ್ಲ. ಹೆಣ್ಣುಮಕ್ಕಳು ಕೇಳುಗರ ಅಂಚಿನಲ್ಲಿಯೇ ಉಳಿಯುತ್ತಿದ್ದುದು ಸಾಮಾನ್ಯ. ಕಂಬದ ಆಚೆ, ಜಗಲಿಯ ಕೆಳಗೆ ನಿಂತು ಕೇಳಿದವರ ಚರಿತ್ರೆಯೂ ಓದಿನ ಚರಿತ್ರೆಯೇ ಎಂಬುದನ್ನು ಮರೆಯಬಾರದು.

ಗುಬ್ಬಿಯ ರಂಗಭೂಮಿಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಮುಂದಾಳತ್ವದಲ್ಲಿ ನಾಡಿನಾದ್ಯಂತ ಹೆಸರಾಯಿತು. ಪುರಾಣದ ಓದು ಕೇಳಿದ ಜನರೇ ನಾಟಕದ ಪ್ರೇಕ್ಷಕರೂ ಆದರು. ಕಂಪನಿಯಲ್ಲಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಬನಾರಸ್ಸಿಗೆ ಕಳುಹಿಸಿದ ಸಂಗತಿಯು ರಂಗಮಂದಿರ ಮತ್ತು ವಿದ್ಯಾಲಯಗಳ ನಡುವಿನ ನಂಟಿಗೆ ಸಾಕ್ಷಿಯಾಗಿದೆ. ಆದರೆ ಕಂಪನಿ ನಾಟಕಗಳ ಕೊಟ್ಟಿಗೆಯಲ್ಲಿ ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳಿದ್ದವು. ನೋಡಿದ ನಾಟಕ ಒಂದೇ ಆದರೂ ಕೂತ ಜಾಗ ಬೇರೆ ಬೇರೆ. ಒಂದು ತಾಣವನ್ನು ಅರಿಯಬೇಕಾದರೆ ಎಷ್ಟು ಜನ ಬಂದರು ಎಂಬುದರ ಜೊತೆಗೆ ಯಾರು ಎಲ್ಲಿ ಕೂತರು ಎಂಬುದನ್ನೂ ಕೇಳಬೇಕೆಂಬ ಪಾಠ ಇಲ್ಲಿಂದಲೇ ದೊರೆಯುತ್ತದೆ.

ಅನ್ನ, ಆಶ್ರಯ ಮತ್ತು ಓದು

ತುಮಕೂರಿನ ವಿದ್ಯಾಚರಿತ್ರೆಯಲ್ಲಿ ಸಿದ್ಧಗಂಗಾ ಕ್ಷೇತ್ರದ ಸ್ಥಾನ ವಿಶಿಷ್ಟವಾದುದು. 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಮಠದ ಪೂರ್ಣ ಹೊಣೆ ಹೊತ್ತು, 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿನ ಉಚಿತ ವಿದ್ಯಾರ್ಥಿನಿಲಯವು ಸಾವಿರಾರು ಹಳ್ಳಿಯ ಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ತೆರೆದುಕೊಂಡಿತು. ಅಲ್ಲಿ ಓದುವ ಕೋಣೆ ಎಂಬುದು ಪ್ರತ್ಯೇಕ ಸಂಗತಿಯಾಗಿರಲಿಲ್ಲ. ಮರದ ನೆರಳು, ಬಂಡೆಯ ಮೇಲ್ಮೈ, ಸಾಮೂಹಿಕ ಪ್ರಾರ್ಥನೆಯ ಬಯಲು ಇವೆಲ್ಲವೂ ಓದುವ ತಾಣಗಳೇ. ಊಟದ ಗಂಟೆ ಮತ್ತು ಓದಿನ ಗಂಟೆಗಳು ಒಂದೇ ದಿನಚರಿಯ ಭಾಗಗಳಾಗಿದ್ದವು. ಹೊಟ್ಟೆಯ ಚಿಂತೆ, ಮಲಗುವ ಜಾಗದ ಚಿಂತೆ ಇಲ್ಲದಾಗ ಮಾತ್ರ ಬಡ ವಿದ್ಯಾರ್ಥಿಗೆ ಪುಸ್ತಕ ಕೈಗೆಟುಕುತ್ತದೆ ಎಂಬ ತಿಳಿವಳಿಕೆ ಈ ವ್ಯವಸ್ಥೆಯ ಹಿಂದೆ ಇದೆ. ಕಲಿಕೆಯ ತಾಣವನ್ನು ಕುರಿತು ಇಂದು ನಡೆಯುವ ಚರ್ಚೆಗಳು ಕುರ್ಚಿ, ಬೆಳಕು ಮತ್ತು ಅಂತರ್ಜಾಲಗಳಲ್ಲಿಯೇ ನಿಂತುಬಿಡುವಾಗ ಈ ತಿಳಿವಳಿಕೆಯನ್ನು ನೆನಪಿಸಿಕೊಳ್ಳುವ ಅಗತ್ಯವಿದೆ.

ಮೌನದ ಕೋಣೆ ಮತ್ತು ಚೀಟಿಯ ಕಿಂಡಿ

ಆಧುನಿಕ ಗ್ರಂಥಾಲಯವು ಬೇರೆಯೇ ರೂಢಿಯನ್ನು ತಂದಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯ 1891ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಗೊಂಡವು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಗ್ರಂಥಾಲಯ ಕರದ ಆಧಾರದ ಮೇಲೆ ಊರೂರಿಗೆ ಗ್ರಂಥಾಲಯವನ್ನು ಒಯ್ಯುವ ದಾರಿ ತೆರೆಯಿತು. ಈ ಬೆಳವಣಿಗೆಗಳೊಡನೆ ಮೌನವು ಓದುವ ಕೋಣೆಯ ಮೊದಲ ನಿಯಮವಾಯಿತು. 'ನಿಶ್ಶಬ್ದವಾಗಿರಿ' ಎಂಬ ಫಲಕ ಎಲ್ಲ ಗೋಡೆಗಳ ಮೇಲೂ ಕಾಣಿಸಿಕೊಂಡಿತು. ದನಿಯಿಂದ ಕಲಿಯುತ್ತಿದ್ದ ಸಮಾಜಕ್ಕೆ ಇದು ದೊಡ್ಡ ಪಲ್ಲಟವೇ ಆಗಿತ್ತು.

ಎರಡನೆಯ ಪಲ್ಲಟವು ಕಪಾಟಿಗೆ ಸಂಬಂಧಿಸಿದ್ದು. ಹಲವು ಕಾಲೇಜುಗಳಲ್ಲಿ ಪುಸ್ತಕಗಳು ಬೀಗ ಹಾಕಿದ ಕಪಾಟಿನಲ್ಲಿರುತ್ತಿದ್ದವು. ವಿದ್ಯಾರ್ಥಿ ಚೀಟಿ ಬರೆದು ಕಿಂಡಿಯಲ್ಲಿ ಕೊಡಬೇಕು. ಸಿಬ್ಬಂದಿ ತಂದುಕೊಟ್ಟ ಪುಸ್ತಕವನ್ನು ಪಡೆಯಬೇಕು. ಹೆಸರು ಗೊತ್ತಿದ್ದ ಪುಸ್ತಕವನ್ನು ಮಾತ್ರ ಕೇಳಲು ಸಾಧ್ಯ. ಮನೆಯಲ್ಲಿ ಪುಸ್ತಕಗಳೇ ಇಲ್ಲದ, ಓದಿದ ಹಿರಿಯರಿಲ್ಲದ ವಿದ್ಯಾರ್ಥಿಗೆ ಯಾವ ಹೆಸರು ಗೊತ್ತಿರಲು ಸಾಧ್ಯ? ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಈ ಕಿಂಡಿಯನ್ನೇ ಪ್ರಶ್ನಿಸಿದವು. ಪುಸ್ತಕಗಳಿರುವುದು ಬಳಕೆಗಾಗಿ, ಓದುಗರ ಸಮಯವನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುವ ಜೀವಿ ಎಂಬ ಅವರ ಸೂತ್ರಗಳು ತೆರೆದ ಕಪಾಟಿಗೂ ಹೆಚ್ಚಿನ ಅವಧಿಗೂ ಬದಲಾಗಬಲ್ಲ ಕಟ್ಟಡಕ್ಕೂ ತಾತ್ವಿಕ ನೆಲೆಗಟ್ಟನ್ನು ಒದಗಿಸಿದವು. ತಮ್ಮ ಬದುಕಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಆದರೆ ಬೆಂಗಳೂರಿನಲ್ಲಿ ಬೆಳೆದ ಈ ವಿಚಾರ ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿನ ಕಾಲೇಜುಗಳ ಕಿಂಡಿಯನ್ನು ತೆರೆಸಲು ಹಲವು ದಶಕಗಳೇ ಬೇಕಾದವು.

ಮೈಸೂರು ವಿಶ್ವವಿದ್ಯಾನಿಲಯ, ಆನಂತರ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯ, ಕೊನೆಗೆ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಎಂಬ ಈ ಅನುಕ್ರಮವನ್ನು ಆಡಳಿತದ ಚರಿತ್ರೆಯಾಗಿ ಮಾತ್ರ ಓದುವುದು ವಾಡಿಕೆ. ಓದುಗರ ಕಡೆಯಿಂದ ನೋಡಿದರೆ ಇದು ವಿಶ್ವವಿದ್ಯಾನಿಲಯದ ಮುಖ್ಯ ಗ್ರಂಥಾಲಯವು ಹಂತಹಂತವಾಗಿ ಹತ್ತಿರ ಬಂದ ಚರಿತ್ರೆ. ಗುಬ್ಬಿಯ ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದು ಆಕರಗ್ರಂಥ ನೋಡಲು ಮೈಸೂರಿಗೋ ಬೆಂಗಳೂರಿಗೋ ಹೋಗಿಬರುವ ಪ್ರಯಾಣವು ಸುಮಾರು ಇಪ್ಪತ್ತು ಕಿಲೋಮೀಟರಿಗೆ ಇಳಿಯಿತು. ಮರುವಿನ್ಯಾಸವೆಂದರೆ ಕಟ್ಟಡದ ಒಳಾಂಗಣ ಎಂದಷ್ಟೇ ಭಾವಿಸುವವರು ಈ ದೂರದ ಇಳಿಕೆಯನ್ನೂ ಒಂದು ಮರುವಿನ್ಯಾಸವೆಂದು ಪರಿಗಣಿಸಬೇಕಾಗುತ್ತದೆ.

ಹೊಸ ರೂಪ ಮತ್ತು ಅದರ ಅಳತೆಗೋಲುಗಳು

ಪಾಶ್ಚಾತ್ಯ ದೇಶಗಳಲ್ಲಿ 1990ರ ದಶಕದಿಂದೀಚೆಗೆ ಗ್ರಂಥಾಲಯವನ್ನು ಪುಸ್ತಕದ ಉಗ್ರಾಣವೆಂಬ ಕಲ್ಪನೆಯಿಂದ ಬಿಡಿಸಿ ಕಲಿಕೆಯ ಸಾಮುದಾಯಿಕ ತಾಣವಾಗಿ ರೂಪಿಸುವ ಪ್ರಯತ್ನಗಳು ನಡೆದವು. ಸ್ಕಾಟ್ ಬೆನೆಟ್ ಅವರ 2003ರ ಅಧ್ಯಯನವು ಅಮೆರಿಕದ ಗ್ರಂಥಾಲಯ ನಿರ್ಮಾಣಗಳನ್ನು ಪರಿಶೀಲಿಸಿ, ಯೋಜಕರು ಪುಸ್ತಕಗಳ ಬೆಳವಣಿಗೆ ಮತ್ತು ಸೇವೆಗಳ ಬಗ್ಗೆ ಸಾಕಷ್ಟು ಯೋಚಿಸಿದ್ದರೂ ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆಂಬುದನ್ನು ವ್ಯವಸ್ಥಿತವಾಗಿ ವಿಚಾರಿಸಿದ್ದು ಅಪರೂಪವೆಂಬುದನ್ನು ತೋರಿಸಿಕೊಟ್ಟಿತು. ಇದಕ್ಕಿಂತ ನಮಗೆ ಹತ್ತಿರವೆನಿಸುವುದು ರಾಚೆಸ್ಟರ್ ವಿಶ್ವವಿದ್ಯಾನಿಲಯದ ಪ್ರಯೋಗ. ಅಲ್ಲಿನ ಗ್ರಂಥಾಲಯವು ನ್ಯಾನ್ಸಿ ಫ್ರೈಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯನ್ನು ನಿಯೋಜಿಸಿಕೊಂಡು ವಿದ್ಯಾರ್ಥಿಗಳ ದಿನಚರಿಯನ್ನೇ ಕ್ಷೇತ್ರಕಾರ್ಯದ ವಸ್ತುವನ್ನಾಗಿಸಿತು. ವಿದ್ಯಾರ್ಥಿಗಳಿಂದ ಅವರ ಓದಿನ ಪರಿಸರದ ಛಾಯಾಚಿತ್ರ ತೆಗೆಸಲಾಯಿತು, ಒಂದು ದಿನದ ಓಡಾಟವನ್ನು ನಕ್ಷೆಯಲ್ಲಿ ಗುರುತಿಸಲು ಹೇಳಲಾಯಿತು, ತಮಗೆ ಬೇಕಾದ ಗ್ರಂಥಾಲಯದ ಚಿತ್ರವನ್ನು ಅವರ ಕೈಯಿಂದಲೇ ಬರೆಯಿಸಲಾಯಿತು. ಈ ಅಧ್ಯಯನ 2007ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಜಾನಪದದವರು ದಶಕಗಳಿಂದ ಬಳಸುತ್ತ ಬಂದಿರುವ ಸಹಭಾಗಿ ಅವಲೋಕನ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ನಮ್ಮಲ್ಲಿ ಪ್ರಚಲಿತವಾದ ಅಳತೆಗಳು ಬಹುಮಟ್ಟಿಗೆ ಎಣಿಕೆಯವು. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯು, ಅಂದರೆ ನ್ಯಾಕ್, ರೂಪಿಸಿದ ಏಳು ಮಾನದಂಡಗಳ ಚೌಕಟ್ಟಿನಲ್ಲಿ ಗ್ರಂಥಾಲಯವು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲಗಳ ವಿಭಾಗದಲ್ಲಿ ಬರುತ್ತಿತ್ತು. ಗ್ರಂಥಾಲಯದ ಗಣಕೀಕರಣ, ವಿದ್ಯುನ್ಮಾನ ಸಂಪನ್ಮೂಲಗಳ ಚಂದಾ, ಪುಸ್ತಕಗಳಿಗಾಗಿ ಮಾಡಿದ ವೆಚ್ಚ, ದಿನವೊಂದಕ್ಕೆ ಒಳಬಂದವರ ಸಂಖ್ಯೆ ಇವು ಅಲ್ಲಿ ಕೇಳಲಾಗುತ್ತಿದ್ದ ವಿವರಗಳು. ಅಮೆರಿಕದಲ್ಲಿ 2000ದ ಸುಮಾರಿಗೆ ರೂಪುಗೊಂಡ ಲಿಬ್‌ಕ್ವಾಲ್ ಎಂಬ ಪ್ರಶ್ನಾವಳಿ ಸೇವೆಯ ಗುಣ, ಮಾಹಿತಿಯ ಲಭ್ಯತೆಗಳ ಜೊತೆಗೆ 'ತಾಣವಾಗಿ ಗ್ರಂಥಾಲಯ' ಎಂಬ ಅಂಶವನ್ನೂ ಸೇರಿಸಿಕೊಂಡಿತಾದರೂ ಅದು ಅಳೆಯುವುದು ಓದುಗರ ತೃಪ್ತಿಯನ್ನು. ತೃಪ್ತಿ ಮತ್ತು ಕಲಿಕೆ ಒಂದೇ ಅಲ್ಲ. ತಂಪಾದ ಕೋಣೆಯಲ್ಲಿ ಕೂತವರೆಲ್ಲ ತೃಪ್ತರಾಗಬಹುದು. ಅವರು ಏನು ಕಲಿತರೆಂಬುದು ಬೇರೆಯೇ ಪ್ರಶ್ನೆ.

ಎಣಿಕೆಯ ಆಚೆಗೆ: ಕೆಲವು ಅವಲೋಕನಗಳು

ಈ ಭಾಗದ ಹಲವು ಗ್ರಂಥಾಲಯಗಳಲ್ಲಿ ಓದುಗರ ಜೊತೆ ಕೂತು ಗಮನಿಸಿದಾಗ ಎಣಿಕೆಯ ಪುಸ್ತಕಕ್ಕೆ ಸಿಗದ ಸಂಗತಿಗಳು ಎದುರಾಗುತ್ತವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ವಿವರಿಸಬಹುದು.

ಮೊದಲನೆಯದು, ಸ್ವಂತ ಪುಸ್ತಕ ತರುವ ಓದುಗರು. ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳನ್ನು ಹರಡಿಕೊಂಡು ಸಂಜೆಯವರೆಗೆ ಕೂರುವ ಯುವಕ ಯುವತಿಯರು ಎಲ್ಲ ಕಡೆಯೂ ಇದ್ದಾರೆ. ಹಳ್ಳಿಯ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ರೂಢಿಯೇ ಇಲ್ಲಿ ಕುರ್ಚಿಯ ಮೇಲೆ ಪುಸ್ತಕ, ನೀರಿನ ಬಾಟಲಿ ಇಟ್ಟು ಜಾಗ ಹಿಡಿಯುವ ರೂಢಿಯಾಗಿದೆ. ಇವರು ಗ್ರಂಥಾಲಯದ ಪುಸ್ತಕ ಮುಟ್ಟುವುದೇ ಇಲ್ಲವೆಂದು ಗ್ರಂಥಪಾಲಕರು ಆಕ್ಷೇಪಿಸುತ್ತಾರೆ. ಪಠ್ಯಕ್ರಮದ ಓದಿಗೆ ಬಂದ ವಿದ್ಯಾರ್ಥಿಗೆ ಕುರ್ಚಿ ಸಿಗದೆ ಹೋಗುವುದುಂಟು; ಆದ್ದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಕೋಣೆಯ ಮನೆಯಲ್ಲಿ ಮೇಜಿಲ್ಲದೆ, ಮನೆಮಂದಿಯ ಗದ್ದಲದ ನಡುವೆ ಓದಬೇಕಾದವರಿಗೆ ಗ್ರಂಥಾಲಯದ ಕುರ್ಚಿಯೇ ಅತ್ಯಂತ ಅಗತ್ಯವಾದ ಗ್ರಂಥ. ಎರವಲು ಕೊಟ್ಟ ಪುಸ್ತಕಗಳ ಲೆಕ್ಕದಲ್ಲಿ ಇವರು ಶೂನ್ಯ. ಒಳಬಂದವರ ಲೆಕ್ಕದಲ್ಲಿ ಒಬ್ಬರು ಒಂದು ಸಂಖ್ಯೆ ಮಾತ್ರ. ಹತ್ತು ಗಂಟೆ ಕೂತವರೂ ಹತ್ತು ನಿಮಿಷ ಪತ್ರಿಕೆ ತಿರುವಿ ಹೋದವರೂ ಆ ಲೆಕ್ಕದಲ್ಲಿ ಸಮಾನರು.

ಎರಡನೆಯದು, ಮೆಟ್ಟಿಲ ಮೇಲಿನ ಓದು. ಒಳಗೆ ಮೌನದ ನಿಯಮ ಇರುವಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಹೊರಗಿನ ಮೆಟ್ಟಿಲ ಮೇಲೋ ಮರದ ಕಟ್ಟೆಯ ಮೇಲೋ ಕೂತು ಒಬ್ಬರು ಓದಿ ಹೇಳುವುದು, ಉಳಿದವರು ಕೇಳಿ ಪ್ರಶ್ನಿಸುವುದು ಸಾಮಾನ್ಯ ದೃಶ್ಯ. ಇಂಗ್ಲಿಷಿನ ಪಠ್ಯವನ್ನು ಒಬ್ಬರು ಓದಿ ಕನ್ನಡದಲ್ಲಿ ಅರ್ಥ ಹೇಳುವ ಈ ಕ್ರಮವು ಪುರಾಣದ ಕೂಟದಲ್ಲಿ ಓದುವವರು ಮತ್ತು ಅರ್ಥ ಹೇಳುವವರು ಇದ್ದ ಪದ್ಧತಿಯನ್ನು ನೆನಪಿಗೆ ತರುತ್ತದೆ. ಎರಡರ ನಡುವೆ ನೇರ ಪರಂಪರೆಯನ್ನು ಸ್ಥಾಪಿಸುವುದು ದುಡುಕಾದೀತು. ಆದರೂ ದನಿಯಿಂದ ಕಲಿಯುವ ರೂಢಿ ಇನ್ನೂ ಜೀವಂತವಾಗಿದೆ ಎಂಬುದಂತೂ ಸ್ಪಷ್ಟ. ಹೊಸ ವಿನ್ಯಾಸಗಳಲ್ಲಿ ಗುಂಪು ಚರ್ಚೆಗೆ ಕೋಣೆಗಳಿದ್ದರೂ, ಅವು ಮುಂಗಡ ಅನುಮತಿ ಪಡೆಯಬೇಕಾದ ಕೋಣೆಗಳಾದರೆ ವಿದ್ಯಾರ್ಥಿಗಳು ಮತ್ತೆ ಮೆಟ್ಟಿಲಿಗೇ ಮರಳುತ್ತಾರೆ. ಎಣಿಕೆಯ ಯಂತ್ರ ಬಾಗಿಲ ಒಳಗಿದೆ. ಈ ಕಲಿಕೆ ಬಾಗಿಲ ಹೊರಗಿದೆ.

ಮೂರನೆಯದು, ಬಸ್ಸಿನ ವೇಳೆ. ಗುಬ್ಬಿಯು ಬೆಂಗಳೂರು ಅರಸೀಕೆರೆ ರೈಲುಮಾರ್ಗದಲ್ಲಿರುವುದರಿಂದ ಅಲ್ಲಿಂದ ತುಮಕೂರಿಗೆ ರೈಲು ಮತ್ತು ಬಸ್ಸು ಎರಡೂ ಇವೆ. ಕುಣಿಗಲ್ಲಿಗೆ ಬೆಂಗಳೂರು ಹಾಸನ ಮಾರ್ಗದ ಮೂಲಕ ರೈಲು ಬಂದಿದೆಯಾದರೂ ತುಮಕೂರಿಗೆ ಬರುವವರಿಗೆ ರಸ್ತೆಯೇ ಗತಿ. ಕುಣಿಗಲ್ ಕಡೆಯ ಒಳಹಳ್ಳಿಗಳ ವಿದ್ಯಾರ್ಥಿನಿಯರು ತರಗತಿ ಮುಗಿದೊಡನೆ ಬಸ್ ನಿಲ್ದಾಣದತ್ತ ಧಾವಿಸುತ್ತಾರೆ. ಒಂದು ಬಸ್ಸು ತಪ್ಪಿದರೆ ಊರು ಸೇರುವುದು ಕತ್ತಲಾದ ಮೇಲೆ. ಸಂಜೆ ಎಂಟರವರೆಗೆ ತೆರೆದಿರುವ ಗ್ರಂಥಾಲಯ ಇವರ ಪಾಲಿಗೆ ನಾಲ್ಕು ಗಂಟೆಗೇ ಮುಚ್ಚಿದಂತೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಪ್ರಯಾಣದ ಖರ್ಚನ್ನು ನಿವಾರಿಸಿತು. ಪ್ರಯಾಣದ ವೇಳೆಯ ಸಮಸ್ಯೆ ಹಾಗೆಯೇ ಉಳಿಯಿತು. ಅವಧಿಯನ್ನು ವಿಸ್ತರಿಸಿದ್ದೇವೆ ಎಂಬ ಹೆಮ್ಮೆಯ ವಾಕ್ಯದ ಪಕ್ಕದಲ್ಲಿ ಆ ಅವಧಿ ಯಾರಿಗೆ ದಕ್ಕಿತು ಎಂಬ ಪ್ರಶ್ನೆಯನ್ನೂ ಬರೆಯಬೇಕು. ಬೆಳಗಿನ ವೇಳೆ ಒಂದು ಗಂಟೆ ಮುಂಚೆ ಬಾಗಿಲು ತೆರೆದರೆ ಇವರಿಗೆ ಆಗುವ ಪ್ರಯೋಜನವು ರಾತ್ರಿಯ ಮೂರು ಗಂಟೆಗಳಿಗಿಂತ ಹೆಚ್ಚಾಗಬಹುದು.

ನಾಲ್ಕನೆಯದು, ಸಂಕೋಚ. ಗಾಜಿನ ಬಾಗಿಲು, ಹೊಳೆಯುವ ನೆಲ, ಸ್ವಯಂಚಾಲಿತ ಯಂತ್ರಗಳಿರುವ ಕಟ್ಟಡದೊಳಗೆ ಮೊದಲ ತಲೆಮಾರಿನ ವಿದ್ಯಾರ್ಥಿ ಹೆಜ್ಜೆಯಿಡುವಾಗ ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಕ್ಷಣ ತಡೆದು ನಿಲ್ಲುವುದನ್ನು ಕಂಡಿದ್ದೇನೆ. ಒಳಗೆ ಬಂದ ಮೇಲೂ ಬಾಗಿಲ ಸಮೀಪದ ಆಸನಗಳಲ್ಲಿಯೇ ಕೂತು ಎದ್ದುಹೋಗುವವರಿದ್ದಾರೆ. ದಾರಿ ತೋರುವ, ಕನ್ನಡದಲ್ಲಿ ಮಾತನಾಡಿಸುವ ಒಬ್ಬ ಸಿಬ್ಬಂದಿಯ ಇರುವಿಕೆ ಇಂತಹ ಸಂಕೋಚವನ್ನು ಕಳೆಯುತ್ತದೆ. ಮರುವಿನ್ಯಾಸದ ವೆಚ್ಚ ಕಟ್ಟಡಕ್ಕೂ ಯಂತ್ರಕ್ಕೂ ಸಂದು, ಗ್ರಂಥಪಾಲಕರ ಹುದ್ದೆಗಳು ಖಾಲಿ ಉಳಿದರೆ ಗಾಜಿನ ಬಾಗಿಲು ಹಳೆಯ ಕಿಂಡಿಗಿಂತ ಕಠಿಣವಾದೀತು.

ವಿದ್ಯುನ್ಮಾನ ಓದು ಮತ್ತು ತಾಣದ ಅಗತ್ಯ

ಪುಸ್ತಕಗಳೆಲ್ಲ ಪರದೆಯ ಮೇಲೆ ಬಂದಿರುವಾಗ ತಾಣದ ಅಗತ್ಯವೇನು ಎಂಬ ವಾದವೂ ಇದೆ. 2020ರಲ್ಲಿ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ವಿದ್ವತ್ ಪತ್ರಿಕೆಗಳು ತೆರೆದುಕೊಂಡವು. ದೂರವನ್ನು ಅಳಿಸುವ ದೃಷ್ಟಿಯಿಂದ ಇವು ದೊಡ್ಡ ಹೆಜ್ಜೆಗಳು. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಗ್ರಂಥಾಲಯಗಳು ಬಾಗಿಲು ಮುಚ್ಚಿದಾಗ ಕೈಯಲ್ಲಿ ಮೊಬೈಲು ಇದ್ದವರೂ ಕೂತು ಓದುವ ಜಾಗವಿಲ್ಲದೆ ಪರದಾಡಿದ್ದನ್ನು ನಾವು ಕಂಡಿದ್ದೇವೆ. ಮಾಹಿತಿ ಮನೆಗೆ ಬಂದಿತು; ಓದುವ ಏಕಾಂತ ಮತ್ತು ಓದುವ ಸಾಂಗತ್ಯಗಳು ಬರಲಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿ, ಮುಂದೆ ಅರಿವು ಕೇಂದ್ರಗಳೆಂದು ರೂಪಿಸಿದ ಕ್ರಮವನ್ನು ಈ ಹಿನ್ನೆಲೆಯಲ್ಲಿ ವಿಶ್ವವಿದ್ಯಾನಿಲಯಗಳೂ ಗಮನಿಸಬೇಕು. ಬಸ್ಸಿನ ವೇಳೆಗೆ ಸಿಕ್ಕಿಕೊಂಡ ವಿದ್ಯಾರ್ಥಿನಿಗೆ ಊರಿನ ಅರಿವು ಕೇಂದ್ರವೇ ವಿಶ್ವವಿದ್ಯಾನಿಲಯ ಗ್ರಂಥಾಲಯದ ಒಂದು ಕೋಣೆಯಾಗಬಲ್ಲದು.

ಮೌಲ್ಯಮಾಪನಕ್ಕೊಂದು ಕ್ರಮ

ಮೇಲಿನ ಅವಲೋಕನಗಳ ಆಧಾರದಿಂದ ನಮ್ಮ ಪರಿಸರಕ್ಕೆ ಹೊಂದುವ ಮೌಲ್ಯಮಾಪನ ಕ್ರಮವೊಂದನ್ನು ಸೂಚಿಸಬಹುದು. ಮರುವಿನ್ಯಾಸಕ್ಕೆ ಮೊದಲು ಹಳೆಯ ತಾಣದ ದಾಖಲಾತಿ ಆಗಬೇಕು. ಹಳೆಯದರ ನಕ್ಷೆ, ಛಾಯಾಚಿತ್ರ, ಓದುಗರ ನೆನಪುಗಳಿಲ್ಲದೆ ಹೊಸದರಿಂದ ಆದ ಲಾಭವನ್ನು ಹೋಲಿಸಿ ಹೇಳಲು ಸಾಧ್ಯವಿಲ್ಲ. ಎರಡನೆಯದಾಗಿ, ಸೆಮಿಸ್ಟರಿನ ಆರಂಭ, ಮಧ್ಯ ಮತ್ತು ಪರೀಕ್ಷೆಯ ಕಾಲಗಳಲ್ಲಿ ಗಂಟೆಗೊಮ್ಮೆ ಆಸನಗಳ ನಕ್ಷೆ ತೆಗೆದು ಯಾರು ಎಲ್ಲಿ, ಎಷ್ಟು ಹೊತ್ತು, ಏನು ಮಾಡುತ್ತಿದ್ದಾರೆಂಬುದನ್ನು ಹೆಸರು ನಮೂದಿಸದೆ ಗುರುತಿಸಬೇಕು. ಮೆಟ್ಟಿಲು ಮತ್ತು ಕಟ್ಟೆಗಳೂ ಈ ನಕ್ಷೆಯೊಳಗೆ ಬರಬೇಕು. ಮೂರನೆಯದಾಗಿ, ಬೇರೆ ಬೇರೆ ಹಿನ್ನೆಲೆಯ ಕೆಲವು ವಿದ್ಯಾರ್ಥಿಗಳಿಂದ ಅವರ ಒಪ್ಪಿಗೆ ಪಡೆದು ಒಂದು ವಾರದ ಓದಿನ ದಿನಚರಿ ಬರೆಯಿಸಬೇಕು. ನಾಲ್ಕನೆಯದಾಗಿ, ಗ್ರಂಥಾಲಯಕ್ಕೆ ಬಾರದವರನ್ನು ಹುಡುಕಿ ಕಾರಣ ಕೇಳಬೇಕು. ಒಳಗಿದ್ದವರಿಗೆ ಮಾತ್ರ ಪ್ರಶ್ನಾವಳಿ ಹಂಚಿದರೆ ಹೊರಗುಳಿದವರ ದನಿ ಎಂದಿಗೂ ದಾಖಲಾಗುವುದಿಲ್ಲ.

ಈ ಕ್ರಮಕ್ಕೂ ಮಿತಿಗಳಿವೆ. ವಿದ್ಯಾರ್ಥಿಯ ಫಲಿತಾಂಶಕ್ಕೆ ಅಧ್ಯಾಪಕರು, ಮನೆಯ ಸ್ಥಿತಿ, ಆರೋಗ್ಯ, ಭಾಷೆ ಹೀಗೆ ಹಲವು ಕಾರಣಗಳಿರುವುದರಿಂದ ಅಂಕಗಳ ಏರಿಕೆಯನ್ನು ಹೊಸ ಕುರ್ಚಿಗಳ ಖಾತೆಗೆ ಬರೆಯುವುದು ತಪ್ಪಾಗುತ್ತದೆ. ಹೇಳಬಹುದಾದದ್ದು ಇಷ್ಟು: ತಾಣವು ಯಾವ ಬಗೆಯ ಕಲಿಕೆಗೆ ಅವಕಾಶ ಮಾಡಿಕೊಟ್ಟಿತು, ಯಾವುದನ್ನು ತಡೆಯಿತು, ಅದರ ಲಾಭ ಯಾರನ್ನು ಮುಟ್ಟಿತು. ಇಷ್ಟನ್ನು ಪ್ರಾಮಾಣಿಕವಾಗಿ ಹೇಳಲು ಸಾಧ್ಯವಾದರೆ ಮುಂದಿನ ವಿನ್ಯಾಸಕ್ಕೆ ಅದು ಸಾಕಷ್ಟು ದೊಡ್ಡ ಆಧಾರ.

ಸಮಾರೋಪ

ಮಠದ ಪಡಸಾಲೆಯಲ್ಲಿ ಜಗಲಿಯ ಕೆಳಗೆ ನಿಂತವರಿದ್ದರು. ಕಂಪನಿಯ ಕೊಟ್ಟಿಗೆಯಲ್ಲಿ ನೆಲದ ಮೇಲೆ ಕೂತವರಿದ್ದರು. ಕಾಲೇಜಿನಲ್ಲಿ ಕಿಂಡಿಯ ಆಚೆ ಕಾದವರಿದ್ದರು. ಇಂದಿನ ಗ್ರಂಥಾಲಯದಲ್ಲಿ ಬಸ್ಸಿನ ವೇಳೆಗೆ ಎದ್ದುಹೋಗುವವರೂ ಬಾಗಿಲಲ್ಲಿ ತಡೆದು ನಿಲ್ಲುವವರೂ ಇದ್ದಾರೆ. ಕಾಲ ಬದಲಾದಂತೆ ಹೊರಗುಳಿಯುವ ರೀತಿಯೂ ಬದಲಾಗಿದೆ. ತುಮಕೂರು ಪರಿಸರದ ಬಹುಪಾಲು ವಿದ್ಯಾರ್ಥಿಗಳ ಮನೆಗಳಲ್ಲಿ ಗ್ರಂಥಾಲಯಕ್ಕೆ ಪರ್ಯಾಯವಾದ ಓದುವ ಕೋಣೆಯಿಲ್ಲ. ಆದ್ದರಿಂದ ಇಲ್ಲಿನ ಗ್ರಂಥಾಲಯದ ಒಂದು ಕುರ್ಚಿಯನ್ನು ಎಲ್ಲಿಡಬೇಕು, ಅದರ ಬಾಗಿಲನ್ನು ಎಷ್ಟು ಹೊತ್ತಿಗೆ ತೆರೆಯಬೇಕು ಎಂಬ ನಿರ್ಧಾರಗಳು ಒಳಾಂಗಣ ಅಲಂಕಾರಕ್ಕೆ ಸೇರಿದ ಸಣ್ಣ ಸಂಗತಿಗಳಾಗಿ ಉಳಿಯುವುದಿಲ್ಲ. ಹಳೆಯ ಓದುವ ಕೋಣೆಗಳು ಪೂರ್ಣವಾಗಿ ಕಣ್ಮರೆಯಾಗುವ ಮುನ್ನ, ಅಲ್ಲಿ ಕೂತು ಓದಿದವರ ನೆನಪುಗಳನ್ನು ಸಂಗ್ರಹಿಸುವ ಕೆಲಸವನ್ನು ಜಾನಪದ ಅಧ್ಯಯನಕಾರರೂ ಗ್ರಂಥಪಾಲಕರೂ ಒಟ್ಟಾಗಿ ಕೈಗೆತ್ತಿಕೊಳ್ಳಬೇಕಾಗಿದೆ.